ನೆಮೆಸಿಯಾ ಕುಟ್ಟಿದ ಸೊಪ್ಪು

ಅಸುನ್ಸಿಯೊನ್ ನಗರದ ಸಂತೆಯಲ್ಲಿ ನೆಮೆಸಿಯಾ ಮೂವತ್ತೊಂದು ವರ್ಷ ಸೊಪ್ಪು ಕುಟ್ಟಿದವಳು. ತೆರೆರೆ ಎಂಬ ತಣ್ಣನೆಯ ಎಲೆಪಾನೀಯ ಕುಡಿಯುವವರು ತಣ್ಣೀರಿನ ಜಗ್ ಹಿಡಿದು ಬಂದು ಎದೆಯುರಿ, ನಿದ್ದೆಯಿಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ಅವಳು ಎರಡು ಮೂರು ಬಗೆಯ ಹಸಿ ಸೊಪ್ಪು ಆರಿಸಿ, ಮರದ ಒರಳಿನಲ್ಲಿ ಕುಟ್ಟಿ, ಆ ನೀರಿಗೆ ಹಾಕಿಕೊಡುತ್ತಿದ್ದಳು.

"ಅಕ್ಕಾ, ಅತ್ತೆ ಬಾಯಿ ಮುಚ್ಚಿಸೋಕೆ ಯಾವ ಸೊಪ್ಪು?"

"ಅದನ್ನ ನಿನ್ನತ್ತೆ ನಿನ್ನೇನೇ ತಗೊಂಡು ಹೋದ್ಲು ಕಣೇ. ಹಿಡಿ ಜಗ್ಗು."

ಗಂಡ ಸಿರಿಲೊ ಗಾರೆ ಕೆಲಸದವನು. ಒಂದು ದಿನ ಬರೀ ಕೆಮ್ಮಿದ್ದಕ್ಕೆ ಅವನ ಪಕ್ಕೆಲುಬು ಮುರಿಯಿತು. ಆಸ್ಪತ್ರೆಯಲ್ಲಿ ಮಲ್ಟಿಪಲ್ ಮೈಲೋಮಾ ಎಂದರು. ಮೂಳೆಯೊಳಗಿನ ಮಜ್ಜೆಯ ಕ್ಯಾನ್ಸರ್. ವಾರಕ್ಕೊಂದು ಚುಚ್ಚುಮದ್ದು, ಜೊತೆಗೆ ಮಾತ್ರೆ. "ಸೊಪ್ಪುಗಿಪ್ಪು ಬೇಡಮ್ಮ, ಮದ್ದಿಗೆ ಅಡ್ಡ ಬಂದೀತು," ಎಂದಿದ್ದರು ಡಾಕ್ಟರ್ ಓವೆಲಾರ್. ನೆಮೆಸಿಯಾ ಹೂಂ ಎಂದಿದ್ದಳು.

ಹದಿನಾಲ್ಕು ತಿಂಗಳು ಮದ್ದು ಚೆನ್ನಾಗಿ ಹಿಡಿಯಿತು. ರೋಗ ಎಷ್ಟಿದೆಯೆಂದು ತೋರಿಸುವ, ರಕ್ತದಲ್ಲಿದ್ದ ಕೆಟ್ಟ ಪ್ರೋಟೀನು ಇಳಿಯಿತು. ಸಿರಿಲೊ ಎದ್ದು ಓಡಾಡಿದ, ಕೋಳಿಗೂಡಿಗೆ ಮೊಣಕಾಲೆತ್ತರದ ಗೋಡೆಯನ್ನೂ ಕಟ್ಟಿದ.

ಊರವರಿಗೆಲ್ಲ ಕುಟ್ಟಿಕೊಟ್ಟು ಮನೆಯವನಿಗೆ ಬರೀ ನೀರು ಕೊಡುವುದು ಅವಳಿಗೆ ಆಗಲಿಲ್ಲ. ಮೂತ್ರಪಿಂಡಕ್ಕೆ ಒಳ್ಳೆಯದೆಂದು ದಿನಾ ಅವನ ನೀರಿಗೆ ಒಂದು ಚಿಟಿಕೆ ಕುದುರೆಬಾಲವೆಂಬ ಸೊಪ್ಪು ಹಾಕತೊಡಗಿದಳು.

"ಏನೇ ಇದು, ನೀರು ಹಸ್ರಾಗಿದೆ?"

"ಕಣ್ಣು ತೋರಿಸ್ಕೋ ಮುದುಕಾ. ಸುಮ್ನೆ ಕುಡಿ."

ಎರಡು ತಿಂಗಳಿಗೆ ಪ್ರೋಟೀನು ಏರಿತು. ಮುಂದಿನ ತಿಂಗಳು ಇನ್ನೂ ಏರಿತು. ಅವನಿಗೆ ಬೆನ್ನು ನೆಟ್ಟಗೆ ಮಾಡಲಾಗಲಿಲ್ಲ. ನೆಮೆಸಿಯಾ ಮನೆಯಲ್ಲಿದ್ದ ಸೊಪ್ಪನ್ನೆಲ್ಲ ಹೊರಗೆಸೆದಳು. ಆಸ್ಪತ್ರೆಗೆ ಹೋದಾಗ ಗಂಡನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ತಾನೊಬ್ಬಳೇ ಒಳಗೆ ಹೋದಳು.

"ತಪ್ಪು ನಂದು ಡಾಕ್ಟ್ರೇ. ನೀವು ಬೇಡ ಅಂದ್ರೂ ದಿನಾ ಹಾಕ್ದೆ. ಈಗ ಬಿಟ್ಟಿದ್ದೀನಿ, ದೇವ್ರಾಣೆ. ಇನ್ನು ಮದ್ದು ಹಿಡಿಯುತ್ತೆ ಅಲ್ವಾ?"

ಡಾಕ್ಟರ್ ಸೊಪ್ಪಿನ ಹೆಸರು, ಹಾಕಿದ ದಿನಗಳು ಎಲ್ಲವನ್ನೂ ಕೇಳಿ ಬರೆದುಕೊಂಡರು. ಹಳೆಯ ವರದಿಗಳನ್ನು ಮತ್ತೊಮ್ಮೆ ನೋಡಿದರು.

"ನಮಗೆ ಹೇಳ್ದೆ ಹಾಕಬಾರದಿತ್ತು. ಆದ್ರೆ ಇದು ಅದರಿಂದ ಆದದ್ದಲ್ಲಮ್ಮ. ನೀವು ಶುರು ಮಾಡೋ ಮುಂಚೇನೇ ಸ್ವಲ್ಪ ಏರಿತ್ತು, ಖಚಿತ ಆಗ್ಲಿ ಅಂತ ಕಾದ್ವಿ. ಈ ಮದ್ದಿಗೆ ಬಗ್ಗದ ಕೆಲವು ಕ್ಯಾನ್ಸರ್ ಕೋಶ ಒಳಗೇ ಉಳ್ಕೊಂಡಿದ್ವು. ಬೇರೆಯವು ಸತ್ವು, ಇವು ಬೆಳೆದ್ವು."

"ಇಲ್ಲ, ನನ್ನಿಂದಾನೇ. ಇನ್ನೊಂದ್ಸಲ ಸರಿಯಾಗಿ ನೋಡಿ."

"ನಿಮ್ಮಿಂದಲ್ಲ. ಬೇರೆ ಮದ್ದು ಕೊಡೋಣ. ಎಷ್ಟು ದಿನ ಹಿಡಿಯುತ್ತೋ, ಹೇಳೋಕಾಗಲ್ಲ."

ತನ್ನ ತಪ್ಪಾಗಿದ್ದರೆ ಅದನ್ನು ಬಿಟ್ಟು ಅವನನ್ನು ಉಳಿಸಿಕೊಳ್ಳಬಹುದೆಂದು ನಂಬಿ ಬಂದಿದ್ದಳು. ಈಗ ಬಿಡುವುದಕ್ಕೆ ಅವಳ ಕೈಯಲ್ಲಿ ಏನೂ ಇರಲಿಲ್ಲ.

ಹೊರಗೆ ಸಿರಿಲೊ ಜರುಗಿ ಜಾಗ ಕೊಟ್ಟ. "ಚೆನ್ನಾಗಿ ಬೈದ್ರಾ?"

"ಬೈಲಿಲ್ಲ ಕಣೋ," ಎಂದವಳೇ ನೆಮೆಸಿಯಾ ಅವನ ತೋಳು ಹಿಡಿದು ಅಳತೊಡಗಿದಳು.