ಮಗ್ಗದ ಕುಣಿಗೆ ಮುಚ್ಚಿದ ಹಲಗೆ

ಆಗ ಗಜೇಂದ್ರಗಡದ ಗುಡ್ಡದ ಬುಡದಲ್ಲಿದ್ದ ನಮ್ಮ ತಗಡಿನ ಮನೆಗೆ ಒಂದೇ ಕೋಣೆ. ಆ ಕೋಣೆಯ ಅರ್ಧ ಮಗ್ಗದ್ದು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಕಾಲುಮಣೆ ತುಳಿಯುತ್ತ ಅಪ್ಪ ಪಟ್ಟೇದಂಚಿನ ಸೀರೆ ನೇಯುತ್ತಿದ್ದ. ಗಂಜಿ ಹಾಕಿದ ನೂಲಿನ ಹುಳಿವಾಸನೆ, ಹೆಂಚಿನ ಮೇಲಿನ ರೊಟ್ಟಿಯ ಘಮ, ಲಾಳಿಯ ಟಕಟಕ, ಇವೆಲ್ಲ ಬೇರೆಬೇರೆ ಎಂದು ನನಗೆ ಬಹುಕಾಲ ತಿಳಿದಿರಲಿಲ್ಲ. ಅಪ್ಪ ಊಟಕ್ಕೆ ಎದ್ದರೆ ಸಾಕು, ನಾನೂ ಓಣಿಯ ಗೆಳತಿಯರೂ ಕುಣಿಗಿಳಿದು ಬಾವಿಯಾಟ ಆಡುತ್ತಿದ್ದೆವು.

ನಾನು ಏಳನೆಯ ತರಗತಿ ಮುಗಿಸಿದ ಬೇಸಿಗೆ, ಓಣಿ ಕೆಡವಿ ಎಲ್ಲರಿಗೂ ಗಟ್ಟಿಮನೆಗಳ ಕಟ್ಟಡ ಎಬ್ಬಿಸುತ್ತಾರೆಂಬ ಸುದ್ದಿ ಬಂತು. ಅದರ ಹಿಂದೆಯೇ ಪಕ್ಕದ ಮನೆಯ ಶಾಂತವ್ವ ಇನ್ನೊಂದು ಸುದ್ದಿ ತಂದಳು.

"ಮನ್ಯಾಗ ಧಂದೆ ಮಾಡವ್ರಿಗೆ ಹೊಸಾ ಮನಿ ಇಲ್ಲಂತ. ಮಗ್ಗ ಕಂಡ್ರ ಕಾರಖಾನಿ ಅಂತ ಬರಕೋತಾರಂತ."

"ಯಾರ ಹೇಳಿದ್ರು ನಿನಗ?" ಅಪ್ಪ ಕೇಳಿದ.

"ಎಲ್ಲಾರೂ ಅನ್ನಾಕತ್ತಾರ. ನೀ ಒಬ್ಬಾವ ಶಾಣ್ಯಾ ಆಗಬ್ಯಾಡ."

ಸೋರುವ ತಗಡಿನ ಕೆಳಗೆ ಹಾಸಿಗೆ ಸುತ್ತಿಟ್ಟು ಮಳೆಗಾಲಗಳನ್ನು ಕಳೆದಿದ್ದ ಅವ್ವನಿಗೆ ಅಷ್ಟು ಸಾಕಾಯಿತು. ಅಪ್ಪ ಅರ್ಧ ನೇಯ್ದ ಸೀರೆಯ ಹಾಸುನೂಲನ್ನು ಕತ್ತರಿಸಿದ. ಮಗ್ಗ ಬಿಚ್ಚಿ ಮರವನ್ನೆಲ್ಲ ಶಾಂತವ್ವನ ಆಡಿನ ಹಟ್ಟಿಯಲ್ಲಿ ಬಚ್ಚಿಟ್ಟರು. ಕುಣಿಯ ಮೇಲೆ ಹಲಗೆ, ಹಲಗೆಯ ಮೇಲೆ ಚಾಪೆ, ಚಾಪೆಯ ಮೇಲೆ ಪುಸ್ತಕ ಹಿಡಿದ ನಾನು. ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಗೆದ್ದವಳೆಂದು ಉತ್ತರಿಸುವ ಹೊಣೆಯೂ ನನ್ನದೇ.

ಸರ್ವೇಗೆ ಬಂದವನು ಚಾಪೆಯ ಅಂಚನ್ನು ತುಳಿದು ನಿಂತ.

"ನೆಲ ಟೊಳ್ಳ ಐತಲ್ಲವಾ?"

"ಹೆಗ್ಗಣದ ಬಿಲರಿ. ನೀವ ನಿಂತಿದ್ದ ಅದರ ಬಾಗಲದ ಮ್ಯಾಲ."

ಅವನು ನಕ್ಕು ಹಿಂದೆ ಸರಿದ. "ಮನ್ಯಾಗ ಏನರ ಉದ್ಯೋಗ ಮಾಡ್ತೀರೇನು?"

"ಇಲ್ರಿ. ಅಪ್ಪ ಕೂಲಿಗೆ ಹೋಗ್ತಾನ."

ಬರೆದುಕೊಂಡ. ಅಂದು ಅವ್ವ ನನಗೆ ತುಪ್ಪ ಸವರಿ ಬೆಲ್ಲ ಉದುರಿಸಿದ ರೊಟ್ಟಿ ಕೊಟ್ಟಳು.

ಎರಡು ವರ್ಷಗಳ ನಂತರ ಕೀಲಿ ಕೈಗೆ ಬಂದಾಗ ನಿಜ ತಿಳಿಯಿತು. ಕಸುಬು ಉಂಟೆಂದು ಬರೆಸಿದವರಿಗಾಗಿಯೇ ನೆಲಮಹಡಿ ಮೀಸಲಿತ್ತು. ಅಲ್ಲಿ ಮಗ್ಗದ ಕುಣಿ ತೋಡಲೆಂದು ಮಣ್ಣಿನ ನೆಲವನ್ನೇ ಉಳಿಸಿದ ಕೋಣೆಯೂ ಇತ್ತು. ನಮ್ಮದು ಮೂರನೆಯ ಮಹಡಿ. ಅಪ್ಪ ನನ್ನನ್ನೂ ಕರೆದುಕೊಂಡು ಕಚೇರಿಗೆ ಹೋದ.

"ನಿಮ್ಮ ಮಗಳ ಹೇಳ್ಯಾಳಲ್ರಿ, ಉದ್ಯೋಗ ಇಲ್ಲಂತ," ಎಂದರು ಅಲ್ಲಿ ಕುಳಿತವರು.

"ಆಕಿ ಸಣ್ಣಾಕಿರಿ. ನಾವ ಹೇಳಿಕೊಟ್ಟಿದ್ವಿ."

"ಈಗೇನ ಮಾಡಾಕ ಬರ್ತದ? ಎಲ್ಲಾ ಹಂಚಿ ಮುಗದೈತಿ."

ಕಾಂಕ್ರೀಟಿನ ಮಹಡಿಯಲ್ಲಿ ಕುಣಿ ತೋಡಲಾಗದು. ಮಗ್ಗದ ಮರಕ್ಕೆ ಮೆಟ್ಟಿಲ ಕೆಳಗೆ ಗೆದ್ದಲು ಹಿಡಿಯಿತು. ನಾನು ಸುಳ್ಳಾಗಿ ಬರೆಸಿದ್ದ ಕೂಲಿಗೇ ಅಪ್ಪ ಹೊರಟ.

ಇಂದು ನರಗುಂದ, ರೋಣದ ಇಂಥ ಓಣಿಗಳಲ್ಲಿ ನಾನು ಸಭೆ ನಡೆಸುತ್ತೇನೆ. ನಕ್ಷೆ ಬರೆಯುವ ಮುನ್ನ ಜನರ ಕಸುಬನ್ನು, ಅದಕ್ಕೂ ಮುನ್ನ ಅವರ ಭಯವನ್ನು ಅರಿಯಿರಿ ಎಂದು ಮನೆ ಕಟ್ಟಿಸುವ ಅಧಿಕಾರಿಗಳೆದುರು ವಾದಿಸುತ್ತೇನೆ. ನಮ್ಮ ಹೊಸ ಮನೆ ಸೋರುವುದಿಲ್ಲ, ನಲ್ಲಿಯಲ್ಲಿ ನೀರು ಬರುತ್ತದೆ. ಅದನ್ನು ಅಲ್ಲಗಳೆಯುವ ವಾದ ನನ್ನಲ್ಲಿಲ್ಲ. ಆದರೆ ನಮ್ಮ ಓಣಿಯ ಮಕ್ಕಳಿಗೆ ಲಾಳಿಯ ಸದ್ದು ಗೊತ್ತಿಲ್ಲ.

ಕಳೆದ ತಿಂಗಳು, ಅಪ್ಪನ ನೇಯ್ಗೆಯನ್ನು ಬರೆದಾದರೂ ಇಡೋಣವೆಂದು ಕುಳಿತೆ. ಯಾವ ಕಾಲು ಮೊದಲು, ಕಾಲುಮಣೆಯನ್ನು ಎಷ್ಟು ಸಲ ಒತ್ತಬೇಕು ಎಂದು ಕೇಳಿದೆ. ಮಂಚದ ತುದಿಗೆ ಕುಳಿತು ಅವನು ಕಾಲು ಇಳಿಬಿಟ್ಟ. ಎಡಗಾಲು ಎತ್ತಿ ತಡೆದ. ಬಲಗಾಲು ಎತ್ತಿದ. ಮತ್ತೆ ಎಡಗಾಲು.

"ಕಾಲಿಗೆ ಗೊತ್ತಿತ್ತವಾ," ಎಂದ. "ನನಗ ಗೊತ್ತಿರಲಿಲ್ಲ."