ಅತ್ತೆ ಕಳೆದುಹೋದ ಬಜಾರು

ತೆಲುಗು ನಾಡಿನ ನಮ್ಮ ಕುಷಾಯಿಗೂಡದ ಬಜಾರಿನ ಬಗ್ಗೆ ನನಗೆ ತುಸು ಜಂಬ, ಒಪ್ಪಿಕೊಳ್ಳುತ್ತೇನೆ. ನಗರದ ಇನ್ನೊಂದು ತುದಿಯ ಮಾದಾಪುರದ ಗೆಳೆಯರು ಒಂದು ದೋಸೆಗಾಗಿ ಕ್ಯಾಬ್ ಹಿಡಿದು ಮುಕ್ಕಾಲು ಗಂಟೆ ಸಿಗ್ನಲ್ಲಿನಲ್ಲಿ ಕೊಳೆಯುತ್ತಾರೆ. ನಾನು ಲುಂಗಿಯಲ್ಲೇ ಕೆಳಗಿಳಿದರೆ ಹೂವು, ಇಸ್ತ್ರಿ, ಇರಾನಿ ಚಹಾ, ಬಿಸಿ ಮಿರ್ಚಿ ಬಜ್ಜಿ ಎಲ್ಲವೂ ನಾಲ್ಕು ಹೆಜ್ಜೆಯಲ್ಲಿ. ಹನ್ನೊಂದು ವರ್ಷದಿಂದ ನಡೆದಾಡುತ್ತಿದ್ದೇನೆ, ಇಲ್ಲಿ ನನಗೆ ಗೊತ್ತಿಲ್ಲದವರೇ ಇಲ್ಲ ಎಂದು ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುವುದು ನನ್ನ ಚಟ. ಗದಗಿನಿಂದ ಬಂದ ಸೋದರತ್ತೆಯ ಮುಂದೂ ಕೊಚ್ಚಿಕೊಂಡೆ.

“ಇಲ್ಲಿ ಸಣ್ಣ ಕೂಸೂ ಕಳಿಯೂದಿಲ್ಲ, ಅತ್ತಿ.”

ಮರುದಿನ ಸಂಜೆ ಅತ್ತೆಯೇ ಕಾಣೆಯಾದರು.

ಊಟಕ್ಕೆ ಮೊದಲಿನ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ, “ಹಿಂಗ ಹೋಗಿ ಹಂಗ ಬರ್ತೀನಿ” ಎಂದು ನನ್ನ ಹೆಂಡತಿಗೆ ಹೇಳಿ ಇಳಿದವರು ಗಂಟೆಯಾದರೂ ಬರಲಿಲ್ಲ. ಗುಳಿಗೆ ನುಂಗಿ ಉಣ್ಣದಿದ್ದರೆ ಅವರು ಬೆವತು, ಕಣ್ಣಿಗೆ ಕತ್ತಲೆ ಬಂದು ಬಿದ್ದುಬಿಡುತ್ತಾರೆ. ಹಿಂದೊಮ್ಮೆ ಬಿದ್ದು ಆಸ್ಪತ್ರೆ ಸೇರಿದ್ದರು. ಕನ್ನಡ ಬಿಟ್ಟು ಬೇರೆ ಮಾತು ಬಾರದು. ಮೊಬೈಲು ಮಂಚದ ಮೇಲೆಯೇ ಬಿದ್ದಿತ್ತು.

ಬಜಾರಿಗೆ ಓಡಿದೆ. ಇಸ್ತ್ರಿಯವನಿಗೆ ಹೇಳಿದರೆ, ಸಿಕ್ಕರೆ ಯಾರ ಮನೆಗೆ ಕಳಿಸಲಿ ಎಂದು ಕೇಳಿದ. ಅವನಿಗೆ ನನ್ನ ಅಂಗಿಗಳ ಪರಿಚಯವಿತ್ತು, ನನ್ನದಲ್ಲ. ಔಷಧಿ ಅಂಗಡಿಗೆ ಫೋನು ಮಾಡೋಣವೆಂದರೆ ಅದರ ಮಾಲೀಕನ ಹೆಸರೂ ನನಗೆ ತಿಳಿಯದು. ನಾವು ಕನ್ನಡದ ಮನೆಯವರು ಹೊಸಿಲು ದಾಟಿದೊಡನೆ ಕನ್ನಡವನ್ನು ಒಳಗೇ ಬಿಟ್ಟು, ತೆಲುಗು ಮೆಟ್ಟಿಕೊಂಡು ಹೊರಡುವವರು. ಎದುರಾದವರೆಲ್ಲ ಅನ್ನಾ, ಭಯ್ಯಾ, ಅಮ್ಮಾ. ಅಷ್ಟಕ್ಕೇ ವ್ಯವಹಾರ ಮುಗಿಯುತ್ತದೆ. ಜನರ ಮಧ್ಯೆ ಬಿಳಿ ತಲೆ ಕಂಡಲ್ಲೆಲ್ಲ ನುಗ್ಗಿ ನೋಡಿದೆ. ಬೀದಿ ಇಷ್ಟು ಉದ್ದವಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಮಿರ್ಚಿ ಬಂಡಿಯ ಹಿಂದೆ ಅತ್ತೆ ಸಿಕ್ಕರು. ಬೋರಲು ಹಾಕಿದ ಎಣ್ಣೆ ಡಬ್ಬಿಯ ಮೇಲೆ ಕೂತಿದ್ದರು, ಹಣೆಯ ತುಂಬ ಬೆವರು, ಕೈಯಲ್ಲಿ ಬೆಲ್ಲ. ಬಂಡಿಯ ಹೆಂಗಸು ಸೆರಗಿನಿಂದ ಗಾಳಿ ಬೀಸುತ್ತಿದ್ದಳು.

“ಮೊದಲ ಬೆಲ್ಲ ನುಂಗ್ರಿ ಯವ್ವಾ, ಆಮ್ಯಾಲ ಮಾತಾಡೂಣು. ನಮ್ಮವ್ವಗೂ ಇದ ಬ್ಯಾನಿ ಐತ್ರಿ.”

ವಾರಕ್ಕೆರಡು ಸಲ ಮಿರ್ಚಿ ಕೊಳ್ಳುವಾಗ ನಾನು ಆಕೆಯೊಡನೆ ತೆಲುಗಿನಲ್ಲೇ ಗುದ್ದಾಡುತ್ತಿದ್ದೆ. ಈಗಲೂ ಕೃತಜ್ಞತೆಯನ್ನು ತೆಲುಗಿನಲ್ಲೇ ತೊದಲಿದೆ. ಅತ್ತೆ ಕೆಕ್ಕರಿಸಿದರು.

“ಕನ್ನಡದಾಗ ಹೇಳೋ. ನೀಲಮ್ಮ ಅಂತ, ಸುರಪುರದಾಕಿ. ಕಟ್ಟಡ ಕೆಲಸಕ್ಕ ಬಂದು ಇಲ್ಲೇ ಉಳದಾಳ. ಕಣ್ಣಿಗೆ ಕತ್ತಲಿ ಬಂದು ‘ಯವ್ವಾ’ ಅಂದೆ, ಓಡಿ ಬಂದು ಹಿಡಕೊಂಡ್ಳು.”

ನೀಲಮ್ಮ ನನ್ನನ್ನೇ ನೋಡಿದಳು. “ನೀವೂ ಕನ್ನಡದವ್ರೇನ್ರಿ ಸರ? ನಿಮ್ಮ ತೆಲುಗು ಕೇಳಿ ಇಷ್ಟ ದಿನ ತಮಿಳ್ರು ಅಂದ್ಕೊಂಡಿದ್ನಿ.”

ಅತ್ತೆ ನಕ್ಕರು. ಆ ನಗು ಕೇಳಿಯೇ ನನ್ನ ಜೀವ ಮರಳಿತು. ನನಗೆ ನಾಚಿಕೆಯೂ ಆಯಿತು, ಕಣ್ಣೂ ಒದ್ದೆಯಾಯಿತು. ಹನ್ನೊಂದು ವರ್ಷ ಈ ಬೀದಿಯಲ್ಲಿ ನಡೆದಿದ್ದೆ, ಒಬ್ಬರ ಮುಂದೂ ನಿಂತು ಮಾತಾಡಿರಲಿಲ್ಲ.

“ನಿಮ್ಮ ಹೆಸರೇನ್ರಿ ಸರ?” ಎಂದು ನೀಲಮ್ಮ ಕೇಳಿದಳು.

ಹೇಳಿದೆ. ಆ ಬೀದಿಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ; ನಾನೂ ಯಾರನ್ನೂ ಕೇಳಿರಲಿಲ್ಲ. ಆಕೆ ಇನ್ನೊಂದು ಡಬ್ಬಿ ಎಳೆದು ಅತ್ತೆಯ ಪಕ್ಕ ಇಟ್ಟಳು. ಕೂತೆ.