ಇಲ್ಲದ ಲೇಖನ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕನ್ನಡಕದಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಜನರ ಕಣ್ಣು ಪರೀಕ್ಷೆ ಮಾಡಿದವಳು; ಅಷ್ಟು ವರ್ಷದಲ್ಲಿ ಒಬ್ಬರನ್ನೂ ಸುಮ್ಮನೆ ನಂಬಿದವಳಲ್ಲ. ಡ್ರೈವಿಂಗ್ ಲೈಸೆನ್ಸಿಗೆ ಸರ್ಟಿಫಿಕೇಟು ಬೇಕಾದವರು ಹೊರಗಿನ ಬೆಂಚಿನಲ್ಲಿ ಕೂತು, ಗೋಡೆಯ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡೇ ಒಳಗೆ ಬರುತ್ತಾರೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಒಮ್ಮೊಮ್ಮೆ ಬರೀ ಬಿಳಿ ಹಲಗೆ ತೂಗುಹಾಕಿ, "ಕೊನೇ ಸಾಲು ಓದಿ" ಎನ್ನುವಳು. ಎಷ್ಟೋ ಜನ ಗಡಗಡ ಓದಿಬಿಡುತ್ತಿದ್ದರು!

ಇಂಥವಳಿಗೆ ನಲವತ್ತೊಂದರ ಪ್ರಾಯದಲ್ಲಿ ಪಿಎಚ್‌ಡಿ ಮಾಡುವ ಹುಕಿ ಬಂತು. ದಿನವಿಡೀ ಹೊಲಿಗೆ ಮಾಡುವವರ ಕಣ್ಣಿನ ದಣಿವು ಅವಳ ವಿಷಯ. ಬೆಳಿಗ್ಗೆ ಆಸ್ಪತ್ರೆ, ಮಧ್ಯಾಹ್ನ ಟೈಲರ್ ಅಂಗಡಿಗಳು, ರಜೆಯ ದಿನ ಮಾರ್ಗದರ್ಶಕ ಪ್ರೊಫೆಸರ ವಿಭಾಗ. ಏಳು ವರ್ಷ ಹೀಗೇ ಕಳೆಯಿತು. ಈ ತಿಂಗಳೊಳಗೆ ಪ್ರಬಂಧದ ಫಾರಂ ಮೇಲೆ ಪ್ರೊಫೆಸರ ಸಹಿ ಬೀಳದಿದ್ದರೆ ನೋಂದಣಿಯೇ ರದ್ದು. ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಮೊದಮೊದಲು ಓದಿದ ಲೇಖನಗಳ ವಿವರವನ್ನೆಲ್ಲ ಚೀಟಿಗಳಲ್ಲಿ ಬರೆದು ಚಪ್ಪಲಿ ಡಬ್ಬಿಯಲ್ಲಿ ತುಂಬಿಡುತ್ತಿದ್ದಳು. ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕವಳು ಪಟಪಟಿ. ಅದೇ ಪ್ರೊಫೆಸರ ಕೈಕೆಳಗೆ, ಕಡಿಮೆ ಬೆಳಕಿನಲ್ಲಿ ದುಡಿಯುವವರ ಕಣ್ಣಿನ ಬಗ್ಗೆ ಸಂಶೋಧನೆಗೆ ಸೇರಿದ ಹುಡುಗಿ. ಮಾತೂ ಪಟಪಟ, ಟೈಪಿಂಗೂ ಪಟಪಟ. ಆಕರಗಳನ್ನು ಜೋಡಿಸಿಡುವ ಸಾಫ್ಟ್‌ವೇರನ್ನು ಅಕ್ಕನ ಲ್ಯಾಪ್‌ಟಾಪಿಗೆ ಹಾಕಿ, ಚೀಟಿಗಳನ್ನೆಲ್ಲ ತಾನೇ ಕೂತು ಏರಿಸಿದಳು. "ಇನ್ಮೇಲೆ ಒಂದು ಗುಂಡಿ ಒತ್ತಿದ್ರೆ ಪ್ರಬಂಧದ ಕೊನೇ ಪಟ್ಟಿ ತಾನೇ ಬರತ್ತೆ ಅಕ್ಕಾ" ಎಂದಳು. ಪ್ರೊಫೆಸರೂ ಸೇರಿ ಮೂವರಿಗೂ ಒಂದೇ ಸಂಗ್ರಹ ಮಾಡಿದಳು. ಯಾರು ಏನು ಹಾಕಿದರೂ ತೆಗೆದರೂ ಎಲ್ಲರಿಗೂ ಕಾಣುತ್ತದೆ.

ಎಲ್ಲರಿಗೂ ಕಾಣುತ್ತದೆ ಎಂಬ ಮಾತೇ ಕನ್ನಡಕದಕ್ಕನ ತಲೆಯಲ್ಲಿ ಹುಳ ಬಿಟ್ಟಿತು. ದಿನಾ ಎಣಿಸತೊಡಗಿದಳು. ಒಂದು ಸೋಮವಾರ ನಾನೂರ ಹನ್ನೆರಡು ಲೇಖನ ಇದ್ದವು, ಗುರುವಾರ ಮುನ್ನೂರ ತೊಂಬತ್ತೇಳು. ಏಳು ವರ್ಷ ತಾನು ಹೆಕ್ಕಿ ತಂದದ್ದನ್ನು ಈ ಹುಡುಗಿ ಎತ್ತಿಕೊಂಡು ತನಗಿಂತ ಮುಂಚೆ ಪ್ರಕಟಿಸುತ್ತಾಳೆಯೇ? ಅಷ್ಟೊಂದು ಉಪಕಾರ ಪುಕ್ಕಟೆ ಯಾರಾದರೂ ಮಾಡುತ್ತಾರೆಯೇ?

"ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ" ಎಂದ ಗಂಡ. ಶಾಲೆಯ ಬಸ್ಸು ಓಡಿಸುವವನು, ಶೂ ಒರೆಸುತ್ತ ಕೂತಿದ್ದ. "ಆ ಮಗೂನೇ ಕೇಳಿಬಿಡು, ಮುಗೀತು."

"ಕೇಳಿದ್ರೆ ಕಳ್ಳರು ಹೌದು ಅಂತಾರಾ?"

ಕೇಳಲಿಲ್ಲ. ಬಿಳಿ ಹಲಗೆಯ ಉಪಾಯವನ್ನೇ ಮಾಡಿದಳು. ಇಲ್ಲದ ಒಂದು ಲೇಖನ ಹುಟ್ಟಿಸಿ ಸಂಗ್ರಹಕ್ಕೆ ಸೇರಿಸಿದಳು: 'ಮಂದ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸುವವರ ದೃಷ್ಟಿ'. ಇಪ್ಪತ್ತು ವರ್ಷ ಹಿಂದಿನ ಇಸವಿ, ನಿಜವಾದ ಒಂದು ಪತ್ರಿಕೆ, ಪುಟ ನಲವತ್ತೊಂದರಿಂದ ಐವತ್ತೆಂಟು. ಬರೆದವರ ಜಾಗದಲ್ಲಿ ತೀರಿಹೋದ ಅತ್ತೆಯ ಹೆಸರು ಹಾಕಿದಳು. ಆ ಅತ್ತೆಗೆ ಸಹಿ ಮಾಡುವುದಕ್ಕೂ ಬರುತ್ತಿರಲಿಲ್ಲ, ಪಾಪ. ಪಟಪಟಿಯ ಅಧ್ಯಾಯದಲ್ಲಿ ಈ ಲೇಖನ ಕಂಡ ದಿನ ಕಳ್ಳಿ ಸಿಕ್ಕಿದ ಹಾಗೆ ಎಂದು ಕಾದಳು. ವಾರ ಕಳೆಯಿತು, ಎರಡು ವಾರವೂ ಆಯಿತು.

ಸಹಿಯ ದಿನ ಪ್ರೊಫೆಸರು ಇಬ್ಬರನ್ನೂ ಒಟ್ಟಿಗೆ ಕರೆದರು. ಮೇಜಿನ ಮೇಲೆ ಅಕ್ಕನ ಫಾರಂ ಇತ್ತು, ಪೆನ್ನಿನ ಮುಚ್ಚಳ ತೆಗೆದಿತ್ತು. ಅಷ್ಟರಲ್ಲಿ ಅವರು ಪಟಪಟಿಯ ಕಡೆ ತಿರುಗಿದರು.

"ಮಂದ ಬೆಳಕಿನ ಲೇಖನ ಯಾಕೆ ಬಳಸಿಲ್ಲ ನೀನು? ನಿನ್ನ ವಿಷಯಕ್ಕೆ ಅದೇ ಬುನಾದಿ."

"ಸರ್, ಅದು ಎಲ್ಲೂ ಸಿಗ್ತಿಲ್ಲ. ಮೂರು ದಿನ ಹುಡುಕ್ದೆ. ಲೈಬ್ರರೀಲಿ ಆ ಸಂಚಿಕೆ ತೆಗೆಸಿ ನೋಡ್ದೆ, ನಲವತ್ತೊಂದನೇ ಪುಟದಲ್ಲಿ ಬೇರೇನೋ ಇದೆ."

"ಸಿಗಲ್ಲ ಅನ್ನೋದು ಸೋಮಾರಿಗಳ ಮಾತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲೇ ಓದಿದೀನಿ ಅದನ್ನ. ಒಳ್ಳೇ ಲೇಖನ, ಕೊನೇ ಭಾಗ ಸ್ವಲ್ಪ ಎಳೆದಿದ್ದಾರೆ ಅಷ್ಟೆ. ಹುಡುಕೋಕೂ ಬರದೇ ಇರೋರಿಗೆ ಸ್ಕಾಲರ್‌ಶಿಪ್ ಮುಂದುವರಿಸಿ ಅಂತ ನಾನು ಹೇಗೆ ಬರೀಲಿ?"

ಪಟಪಟಿಯ ಕಣ್ಣಲ್ಲಿ ನೀರಾಡಿತು. ಮೆಲ್ಲಗೆ ಈ ಕಡೆ ತಿರುಗಿ, "ಅಕ್ಕಾ, ನಿಮ್ಮ ಹತ್ರ ಪ್ರತಿ ಇದ್ಯಾ?" ಎಂದಳು.

ಕನ್ನಡಕದಕ್ಕ ಸುಮ್ಮನಿದ್ದರೆ ಸಾಕಿತ್ತು. ಮನೆಯಲ್ಲೆಲ್ಲೋ ಇದೆ, ಹುಡುಕುತ್ತೇನೆ ಎಂದರೂ ಸಾಕಿತ್ತು, ಸಹಿ ಬೀಳುತ್ತಿತ್ತು. ಬಾಯಿ ಬಿಟ್ಟರೆ ಸಹಿ ಹಾಕುವವರ ಮಾನವೇ ಹುಡುಗಿಯ ಎದುರಿಗೆ ಹರಾಜು.

"ಇಲ್ಲ" ಎಂದಳು. "ಆ ಲೇಖನವೇ ಇಲ್ಲ ಸರ್. ನಾನೇ ಹುಟ್ಟಿಸಿದ್ದು. ಬರೆದವರು ಅಂತ ಹಾಕಿರೋದು ನಮ್ಮತ್ತೆ ಹೆಸರು."

ಪ್ರೊಫೆಸರು ಪೆನ್ನಿನ ಮುಚ್ಚಳ ಹಾಕಿದರು. ಅದನ್ನು ಜೇಬಿಗೆ ಸಿಕ್ಕಿಸಿ, ಯಾರ ಮುಖವನ್ನೂ ನೋಡದೆ ಹೊರಗೆ ಹೋದರು.

"ಯಾಕಕ್ಕಾ?" ಎಂದಳು ಪಟಪಟಿ.

"ಹದಿನೈದು ಲೇಖನ ಕಾಣೆಯಾಗಿತ್ತು. ನೀನೇ ತೆಗೆದೆ ಅಂದ್ಕೊಂಡೆ. ನಿನ್ನ ಹಿಡಿಯೋಕೆ."

"ತೆಗೆದಿದ್ದು ನಾನೇ. ಒಂದೊಂದು ಲೇಖನ ಎರಡೆರಡು ಸಲ ಇತ್ತು. ನಿಮ್ಮ ಪಟ್ಟಿ ನೋಡಿ ಪರೀಕ್ಷಕರು ನಗಬಾರದು ಅಂತ ಸೇರಿಸಿ ಒಂದು ಮಾಡಿದೆ." ಚೀಲ ಹೆಗಲಿಗೇರಿಸಿದಳು. "ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ."

ತಿಂಗಳ ಕೊನೆಯ ದಿನ ಜವಾನ ಫಾರಂ ತಂದುಕೊಟ್ಟ. ಸಹಿ ಇತ್ತು. ಪ್ರೊಫೆಸರು ಭೇಟಿಗೆ ಕರೆಯಲಿಲ್ಲ, ಪಟಪಟಿಯ ಸ್ಕಾಲರ್‌ಶಿಪ್ ನಿಲ್ಲಿಸುವ ಮಾತನ್ನೂ ಮತ್ತೆ ಎತ್ತಲಿಲ್ಲವಂತೆ. ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದರೆ, ಸಂಗ್ರಹದಲ್ಲಿ ಮೂವರ ಬದಲು ಇಬ್ಬರ ಹೆಸರು. ಪಟಪಟಿ ಬಿಟ್ಟುಹೋಗಿದ್ದಳು.

ಕನ್ನಡಕದಕ್ಕನ ಕೈ ತಾನಾಗಿಯೇ ಪಟ್ಟಿಯ ಕಡೆ ಹೋಯಿತು. ಮೊದಲಿನಿಂದ ಕೊನೆಯವರೆಗೆ ಎಣಿಸಿದಳು. ಹುಡುಗಿ ಒಂದನ್ನೂ ಒಯ್ದಿರಲಿಲ್ಲ; ತಾನು ತಂದು ಸೇರಿಸಿದ್ದನ್ನೂ ಅಲ್ಲೇ ಬಿಟ್ಟಿದ್ದಳು. ಈಗಲೂ ಎಣಿಸಿ ನೋಡಿದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.